ದಿನವೂ ಕೋಡಿ ಬೀಳದ ಕೆರೆ

ಅರಿಜೋನಾದ ಪಶ್ಚಿಮದ ಅಂಚಿನಲ್ಲಿ ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರಿದೆ. ಬೇಸಿಗೆಯಲ್ಲಿ ಕಾದ ಕಾವಲಿಯಂತಿರುವ ಈ ಮರುಭೂಮಿಗೆ ಚಳಿಗಾಲ ಬಂತೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡ ಸಾವಿರಾರು ಕುಟುಂಬಗಳು ತಮ್ಮ ಗಾಲಿಮನೆಗಳೊಂದಿಗೆ ಬಂದಿಳಿಯುತ್ತವೆ. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲಿನಲ್ಲಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಪರವಾನಗಿ ಪಡೆದವರು ತಿಂಗಳುಗಟ್ಟಲೆ ಇರಬಹುದು. ಜಾಗ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯದು. ಅಲ್ಲಿ ಆಕಾಶವಿದೆ, ಕಲ್ಲುನೆಲವಿದೆ, ಮೌನವಿದೆ. ನಿಮ್ಮ ಗಾಡಿಯ ಪಕ್ಕದಲ್ಲಿ ಲೈಟುಕಂಬ ಮಾತ್ರ ಇಲ್ಲ. ಹೀಗೆ ತಂತಿಯ ಹಂಗಿಲ್ಲದೆ ಬೀಡುಬಿಡುವುದನ್ನು ಅಮೆರಿಕದವರು ಬೂನ್‌ಡಾಕಿಂಗ್ ಎನ್ನುತ್ತಾರೆ. ಬೆಟ್ಟ ಎಂಬರ್ಥದ ಫಿಲಿಪೀನ್ಸಿನ ‘ಬುಂಡೊಕ್’ನಿಂದ, ಅಲ್ಲಿಗೆ ಹೋಗಿದ್ದ ಸೈನಿಕರ ಬಾಯಲ್ಲಿ ಇಂಗ್ಲಿಷಿಗೆ ಬಂದ ಪದ ಅದು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಾವು ಹಳೆಯ ಟ್ರೇಲರ್ ಒಂದನ್ನು ಕೊಂಡು ಮೊದಲ ಬಾರಿಗೆ ಅಲ್ಲಿಗೆ ಹೋದದ್ದು ಒಂದು ಜನವರಿಯಲ್ಲಿ. ತಿಪಟೂರಿನಿಂದ ಬಂದಿದ್ದ ಅಪ್ಪ ಜೊತೆಗಿದ್ದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವ ಅವರಿಗೆ ರಾತ್ರಿಯಿಡೀ ಸಿಪ್ಯಾಪ್ ಯಂತ್ರ ಬೇಕು. ಎರಡನೆಯ ರಾತ್ರಿ ಮೂರು ಗಂಟೆಗೆ ಹೀಟರಿನ ಫ್ಯಾನು ನರಳಿ ನಿಂತಿತು. ಯಂತ್ರವೂ ನಿಂತಿತು. ಕತ್ತಲಲ್ಲಿ ಅಪ್ಪ ಎದ್ದು ಕೂತು, “ಏನಪ್ಪಾ, ಕರೆಂಟು ಹೋಯ್ತಾ?” ಎಂದರು. ತಿಪಟೂರಿನಲ್ಲಿ ನೂರಾರು ಸಲ ಕೇಳಿದ ಮಾತು. ಅಂದು ಮಾತ್ರ ಕರೆಂಟು ಹೋಗಿರಲಿಲ್ಲ, ನಾವೇ ಅದನ್ನು ಮುಗಿಸಿದ್ದೆವು. ಬೆಳಗಾಗುವವರೆಗೆ ಅವರು ದಿಂಬಿಗೆ ಒರಗಿ ಕೂತೇ ಇದ್ದರು, ನಾನು ಅವರ ಪಕ್ಕದಲ್ಲಿ.

ಗಾಡಿ ಮಾರಿದವರು “160 ಆಂಪಿಯರ್-ಅವರ್ ಬ್ಯಾಟರಿ ಇದೆ, ಎರಡು ರಾತ್ರಿಗೆ ಧಾರಾಳ” ಎಂದಿದ್ದರು. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ನಂಬಿದ್ದೇ ನನ್ನ ತಪ್ಪು. ಆಮೇಲೆ ವರ್ಷಗಟ್ಟಲೆ ಲೆಕ್ಕ ಹಾಕಿ, ಅಳೆದು, ಎರಡು ಬಗೆಯ ಬ್ಯಾಟರಿಗಳೊಂದಿಗೂ ಮರುಭೂಮಿಯಲ್ಲಿ ದಿನ ಕಳೆದು ನನಗೆ ಮನವರಿಕೆಯಾದದ್ದು ಇಷ್ಟು: ಬ್ಯಾಟರಿ ಆರಿಸುವವರು ಅದು ತುಂಬಿದಾಗ ಎಷ್ಟು ಹಿಡಿಯುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು, ತುಂಬದೇ ಉಳಿದಾಗ ಅದು ಏನಾಗುತ್ತದೆ ಎಂದು. ತಂತಿಯಿಂದ ದೂರವಿರುವವರ ಬ್ಯಾಟರಿ ತುಂಬಿರುವ ದಿನಕ್ಕಿಂತ ತುಂಬದ ದಿನವೇ ಹೆಚ್ಚು.

ಮೊದಲು ಖರ್ಚಿನ ಲೆಕ್ಕ. ಆರ್‌ವಿಯಲ್ಲಿ, ಅಂದರೆ ಗಾಲಿಮನೆಯಲ್ಲಿ, ಇಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ದೀಪ, ಪಂಪು, ಫ್ರಿಜ್ ನಡೆಸುವ ಮನೆಬ್ಯಾಟರಿ ಬೇರೆ. ಇಂಜಿನ್ನಿನದು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಚಿಮ್ಮಿಸಿ ಸುಮ್ಮನಾಗುತ್ತದೆ. ಅದಕ್ಕಾಗಿಯೇ ಅದರೊಳಗೆ ತೆಳು ತಗಡುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಮನೆಬ್ಯಾಟರಿ ಹನಿಹನಿಯಾಗಿ ಇಡೀ ರಾತ್ರಿ ಕೊಡಬೇಕು, ಅದಕ್ಕೆ ದಪ್ಪ ತಗಡು ಬೇಕು. ನಮ್ಮ ಗಾಡಿಯಲ್ಲಿದ್ದದ್ದು ‘ಮರೈನ್’ ಎಂದು ಬರೆದ, ಎರಡೂ ಕೆಲಸಕ್ಕೆಂದು ಮಾಡಿದ ನಡುವಿನ ಜಾತಿಯದು. ಮನೆ ನಡೆಸಲು ಅದು ಸಾಲದು.

12 ವೋಲ್ಟಿನ ಲೆಕ್ಕದಲ್ಲಿ ನಮ್ಮ ಸಂಸಾರದ ಚಳಿಗಾಲದ ಒಂದು ದಿನ ಹೀಗಿರುತ್ತದೆ. ಕಂಪ್ರೆಸರ್ ಫ್ರಿಜ್ಜಿಗೆ ಸುಮಾರು 50 ಆಂಪಿಯರ್-ಅವರ್. ಹೀಟರ್ ಉರಿಯುವುದು ಗ್ಯಾಸಿನಿಂದಲೇ ಆದರೂ ಅದರ ಫ್ಯಾನು 8 ಆಂಪಿಯರ್ ಎಳೆಯುತ್ತದೆ. ರಾತ್ರಿಯಲ್ಲಿ ಒಟ್ಟು ನಾಲ್ಕು ಗಂಟೆ ತಿರುಗಿದರೆ 32. ಅಪ್ಪನ ಯಂತ್ರಕ್ಕೆ, ನೀರು ಬಿಸಿ ಮಾಡುವ ಭಾಗವನ್ನು ಆರಿಸಿಟ್ಟರೆ, 20. ಫೋನು, ಲ್ಯಾಪ್‌ಟಾಪಿಗೆ 15. ದೀಪ, ನೀರಿನ ಪಂಪಿಗೆ 8. ಗ್ಯಾಸ್ ಸೋರಿಕೆಯ ಅಲಾರಂ, ಅದೂ ಇದೂ ಎಂದು ಕಣ್ಣಿಗೆ ಬೀಳದೆ ಹೀರುವವು 12. ಒಟ್ಟು 137.

ಈ ಲೆಕ್ಕವನ್ನು ಕಾಗದದ ಮೇಲೆ ಬರೆಯುವವರೆಗೆ ನಾನು ಹೆದರುತ್ತಿದ್ದದ್ದು ಮಿಕ್ಸಿಗೆ. 750 ವ್ಯಾಟಿನ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದರೆ ಬ್ಯಾಟರಿ ಬಸಿದುಹೋಗುತ್ತದೆಂದು ನನ್ನ ಹೆಂಡತಿಗೆ ತಾಕೀತು ಮಾಡಿದ್ದೆ. ಮೂರು ನಿಮಿಷದ ಚಟ್ನಿಗೆ ಖರ್ಚಾಗುವುದು ಮೂರು ಆಂಪಿಯರ್-ಅವರ್ ಸುಮಾರು. ಸದ್ದಿಲ್ಲದೆ ಛಾವಣಿಯ ಮೇಲೆ ಕೂತು ಇಂಟರ್‌ನೆಟ್ ತರುವ ಉಪಗ್ರಹ ಆಂಟೆನಾ 50ರಿಂದ 75 ವ್ಯಾಟಿನಂತೆ ಹಗಲೂ ರಾತ್ರಿ ಚಾಲೂ ಇದ್ದರೆ ದಿನಕ್ಕೆ 100ರಿಂದ 150 ಆಂಪಿಯರ್-ಅವರ್ ತಿನ್ನುತ್ತದೆ. ಮೇಲಿನ ಇಡೀ ಸಂಸಾರಕ್ಕೆ ಆಗುವಷ್ಟು! ಅಬ್ಬರಿಸುವ ಯಂತ್ರಕ್ಕಿಂತ ಹೊತ್ತುಗೊತ್ತಿಲ್ಲದೆ ಓಡುವ ಯಂತ್ರ ದುಬಾರಿ. ಯಾವ ಬ್ಯಾಟರಿ ಎಂದು ಕೇಳುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಇಂಥದೊಂದು ಚೀಟಿ ಬರೆಯಬೇಕೆಂಬುದು ನನ್ನ ಹಟ. ಚೀಟಿ ಇಲ್ಲದೆ ಅಂಗಡಿಗೆ ಹೋದವರು ಅಂಗಡಿಯವರ ಲೆಕ್ಕವನ್ನು ಕೊಂಡು ತರುತ್ತಾರೆ.

ಈಗ ಸೀಸದ ಬ್ಯಾಟರಿಯ ವಿಷಯ. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ ಮಾಡಿ ತೋರಿಸಿದ್ದು, ಇಂದಿಗೂ ಮೂಲದಲ್ಲಿ ಅದೇ: ಸೀಸದ ತಗಡು, ಗಂಧಕಾಮ್ಲ. ಬಯಲುಸೀಮೆಯಲ್ಲಿ ಲೋಡ್‌ಶೆಡ್ಡಿಂಗ್ ಕಂಡ ಯಾರಿಗೂ ಇದು ಹೊಸದಲ್ಲ. ಯುಪಿಎಸ್ ಪಕ್ಕದಲ್ಲಿ ಕೂತ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್ಲಿಗೆ ಹತ್ತಿದ ಹಸಿರು ಕಿಲುಬು, ಅದಕ್ಕೆ ಬಳಿದ ವ್ಯಾಸಲೀನು. ಈ ಬ್ಯಾಟರಿ ಖಾಲಿಯಾಗುವಾಗ ಎರಡೂ ತಗಡುಗಳ ಮೇಲೆ ಸೀಸದ ಸಲ್ಫೇಟಿನ ಹುಡಿಯಂಥ ಹರಳುಗಳು ಕೂರುತ್ತವೆ. ಬೇಗ ಚಾರ್ಜ್ ಮಾಡಿದರೆ ಅವು ಮತ್ತೆ ಕರಗುತ್ತವೆ. ದಿನಗಟ್ಟಲೆ ಹಾಗೇ ಬಿಟ್ಟರೆ ದಪ್ಪಗಾಗಿ, ಗಟ್ಟಿಯಾಗಿ ಮತ್ತೆ ಕರಗದೆ ಉಳಿಯುತ್ತವೆ. ಅಷ್ಟು ಜಾಗ ಶಾಶ್ವತವಾಗಿ ಸತ್ತಂತೆ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ ಎನ್ನುವ ಬುದ್ಧಿಮಾತು ಎಲ್ಲೆಡೆ ಕೇಳಿಬರುತ್ತದೆ, ಸರಿಯೂ ಹೌದು. ನಮ್ಮ 160 ನಿಜಕ್ಕೆ 80 ಆದದ್ದು ಹಾಗೆ. ಆದರೆ ಅದಕ್ಕಿಂತ ಮುಖ್ಯವಾದದ್ದನ್ನು ಹೇಳುವವರು ಕಡಿಮೆ: ಇಳಿಸಿದ್ದನ್ನು ಪೂರ್ತಿ ತುಂಬಿಸಲೇಬೇಕು, ಅದೂ ಮೇಲಿಂದ ಮೇಲೆ.

ಕೆರೆಯ ಮಾತಿನಲ್ಲಿ ಹೇಳುವುದಾದರೆ, ಸೀಸದ ಬ್ಯಾಟರಿ ಆಗಾಗ ಕೋಡಿ ಬೀಳಲೇಬೇಕಾದ ಕೆರೆ. ಮುಕ್ಕಾಲು ತುಂಬಿದರೆ ಸಾಕು ಎನ್ನುವುದು ಅದಕ್ಕೆ ಒಗ್ಗದು. ಅಪ್ಪ ಇದನ್ನು ರಸಾಯನಶಾಸ್ತ್ರ ಓದದೆಯೇ ಅರಿತಿದ್ದರು. ಊರಲ್ಲಿ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತಿದ್ದ ಬೇಸಿಗೆಗಳಲ್ಲಿ ಯುಪಿಎಸ್ ಬ್ಯಾಟರಿ ಬೇಗ ಸಾಯುತ್ತಿತ್ತು, ಕರೆಂಟು ಚೆನ್ನಾಗಿದ್ದ ವರ್ಷಗಳಲ್ಲಿ ಬಾಳುತ್ತಿತ್ತು. “ಹೊಟ್ಟೆ ತುಂಬಾ ಉಣ್ಣದ ಎತ್ತು ಅದು, ಎಷ್ಟು ದಿನ ಗೇಯ್ತದೆ” ಎನ್ನುತ್ತಿದ್ದರು. ಮರುಭೂಮಿಯ ಆ ಬೆಳಿಗ್ಗೆಯೂ ಅವರು ಮೊದಲು ಕೇಳಿದ್ದು ಬ್ಯಾಟರಿಯ ಕಂಪನಿಯನ್ನಲ್ಲ, “ಇದು ಕೊನೇ ಸಲ ಪೂರ್ತಿ ಚಾರ್ಜ್ ಆಗಿದ್ದು ಯಾವಾಗ?” ಎಂದು.

ಪೂರ್ತಿ ತುಂಬಿಸುವುದು ಯಾಕೆ ಕಷ್ಟ? ಸೀಸದ ಬ್ಯಾಟರಿ ಶೇಕಡ 80ರವರೆಗೆ ಗಬಗಬನೆ ಕುಡಿಯುತ್ತದೆ. ಅಲ್ಲಿಂದ ಮುಂದಕ್ಕೆ ಗುಟುಕು ಗುಟುಕು. ಕೊನೆಯ ಐದನೇ ಒಂದು ಭಾಗಕ್ಕೆ ಗಂಟೆಗಟ್ಟಲೆ ಬೇಕು, ಎಷ್ಟೇ ದೊಡ್ಡ ಚಾರ್ಜರ್ ಹಚ್ಚಿದರೂ ಅದು ಅವಸರಪಡುವುದಿಲ್ಲ. ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಇದು ತೊಂದರೆಯೇ ಅಲ್ಲ. ಬಯಲಿನಲ್ಲಿ ಮಾತ್ರ ಇದೇ ಉರುಳು. ಜನವರಿಯಲ್ಲಿ ಅಲ್ಲಿನ ಸೂರ್ಯ ತಗ್ಗಿನಲ್ಲೇ ಸಾಗಿ ಸಂಜೆ ಬೇಗ ಇಳಿಯುತ್ತಾನೆ. ಛಾವಣಿಯ ಮೇಲೆ ಚಪ್ಪಟೆಯಾಗಿ ಮಲಗಿಸಿದ 400 ವ್ಯಾಟಿನ ಪ್ಯಾನೆಲ್ಲುಗಳು ಒಳ್ಳೆಯ ಬಿಸಿಲಿನ ದಿನ ನಮಗೆ ಕೊಟ್ಟದ್ದು 70 ಆಂಪಿಯರ್-ಅವರಿನ ಆಸುಪಾಸು. ಉಳಿದದ್ದಕ್ಕೆ ಜನರೇಟರ್. ಬ್ಯಾಟರಿ 80 ಮುಟ್ಟಿದ ಮೇಲೆ, 10 ಆಂಪಿಯರಿನ ಗುಟುಕಿಗಾಗಿ ಮೂರು ನಾಲ್ಕು ಗಂಟೆ ಪೆಟ್ರೋಲ್ ಸುಟ್ಟು, ಪಕ್ಕದವರ ಮೌನವನ್ನೂ ಸುಡಬೇಕು. ರಾಷ್ಟ್ರೀಯ ಉದ್ಯಾನಗಳ ಕ್ಯಾಂಪುಗಳಲ್ಲಂತೂ ಜನರೇಟರಿಗೆ ಹೊತ್ತು ಗೊತ್ತು ಮಾಡಿರುತ್ತಾರೆ. ಆದ್ದರಿಂದ ಎಲ್ಲರೂ ಮಾಡುವುದೇನು? 80ಕ್ಕೆ ನಿಲ್ಲಿಸುತ್ತಾರೆ. ಮರುದಿನವೂ 80. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ 225 ಆಂಪಿಯರ್-ಅವರ್ ಎಂದು ಬರೆದಿದ್ದ ಬ್ಯಾಟರಿ ಅದರ ಅರ್ಧವನ್ನೂ ಕೊಡದಂತಾಗುತ್ತದೆ. ಅದನ್ನು ಹಾಳುಮಾಡಿದವರು ಅಜಾಗರೂಕರಲ್ಲ. ಬಯಲಿನಲ್ಲಿ ಯಾರೇ ಆದರೂ ಹಾಗೆಯೇ ಬದುಕುತ್ತಾರೆ.

ಲಿಥಿಯಂ ಬ್ಯಾಟರಿಯ ಪರವಾಗಿ ಸಾಮಾನ್ಯವಾಗಿ ಹೇಳುವುದು ಹಗುರ, ಬಾಳಿಕೆ, ಪೂರ್ತಿ ಬಳಸಬಹುದಾದ ಗಾತ್ರ. ಎಲ್ಲವೂ ನಿಜ. 100 ಆಂಪಿಯರ್-ಅವರಿನ ಸೀಸದ ಬ್ಯಾಟರಿ 27ರಿಂದ 30 ಕಿಲೋ ತೂಗಿದರೆ ಇದು 11ರಿಂದ 14. ಸೀಸದ್ದು ಕೆಲವು ನೂರು ಸಲ ಇಳಿದು ತುಂಬಿದರೆ ಇದು ಕೆಲವು ಸಾವಿರ ಸಲ. ಆದರೆ ವರ್ಷಕ್ಕೆ 30 ರಾತ್ರಿ ಹೊರಗಿರುವ ಕುಟುಂಬಕ್ಕೆ 3000 ಸಲದ ಬಾಳಿಕೆ ಯಾಕೆ ಬೇಕು? ನೂರು ವರ್ಷ ಬೇಕಾಗುತ್ತದೆ ಅದನ್ನು ಮುಗಿಸಲು. ನನ್ನ ವಾದ ನಿಂತಿರುವುದು ಬೇರೆ ಕಡೆ. ಆರ್‌ವಿಗಳಲ್ಲಿ ಬಳಸುವ ಲಿಥಿಯಂ ಎಂದರೆ ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಜಗತ್ತಿಗೆ ತಿಳಿದ ಪದಾರ್ಥ ಅದು. ಆ ಪ್ರಬಂಧದ ನಡುವಿನ ಹೆಸರನ್ನು ಓದಿದಾಗ ಕನ್ನಡದ ಕಿವಿಗೆ ಹಿತವೆನಿಸುತ್ತದೆ. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಒಟ್ಟು ಕೆಲಸಕ್ಕೆ ನೊಬೆಲ್ ಪಾಲು ಬಂತು.

ಸೀಸದ ತಗಡು ಪ್ರತಿಸಲವೂ ತನ್ನ ಮೈಯನ್ನೇ ಕರಗಿಸಿ ಮತ್ತೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಹರಳಿನ ಚೌಕಟ್ಟು ಜೇನುಹುಟ್ಟಿನಂತೆ ನಿಂತೇ ಇರುತ್ತದೆ, ಲಿಥಿಯಂ ಅಯಾನುಗಳು ಅದರ ಓಣಿಗಳಲ್ಲಿ ಹೋಗಿ ಬಂದು ಮಾಡುತ್ತವೆ. ಹುಟ್ಟಿನಲ್ಲಿ ಅರ್ಧ ಹುಳು ಇದ್ದರೂ ಹುಟ್ಟಿಗೆ ನಷ್ಟವಿಲ್ಲ. ಶೇಕಡ 40ರಲ್ಲಿ ವಾರವಿದ್ದರೂ ಈ ಬ್ಯಾಟರಿ ಕೆಡದು. ಪೂರ್ತಿ ತುಂಬಿಸಿ ಬಿಸಿಲಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇಡುವುದೇ ಅದಕ್ಕೆ ಹೆಚ್ಚು ಹಾನಿ. ತುಂಬದಿರುವುದನ್ನು ಸಹಿಸುವ ಈ ಗುಣವೊಂದೇ ಸಾಕು, ವಾರಗಟ್ಟಲೆ ಬಯಲಿನಲ್ಲಿರುವವರು ಇದನ್ನು ಆರಿಸಲು. ಜನರೇಟರ್ ಹಚ್ಚಿದರೂ ಹೆಚ್ಚುಕಡಿಮೆ ತುಂಬುವವರೆಗೆ ಒಂದೇ ವೇಗದಲ್ಲಿ ಕುಡಿಯುತ್ತದೆ: 60 ಆಂಪಿಯರಿನ ಚಾರ್ಜರಿದ್ದರೆ ಎರಡು ಗಂಟೆಗೆ 120. ಬೆಳಗಿನ ತಿಂಡಿಯ ಹೊತ್ತಿಗೆ ಹಚ್ಚಿ ಆರಿಸಿದರೆ ಆ ದಿನದ ಗದ್ದಲ ಮುಗಿಯಿತು.

ಇನ್ನೊಂದು ಸಂಗತಿ, ಎಳೆತದ್ದು. 1897ರಲ್ಲೇ ಜರ್ಮನಿಯ ಪಾಯ್ಕರ್ಟ್ ತೋರಿಸಿದ ಹಾಗೆ, ಸೀಸದ ಬ್ಯಾಟರಿಯಿಂದ ರಭಸವಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಮೊತ್ತ ಕುಗ್ಗುತ್ತದೆ. ಚಟ್ನಿಗೆ ಬೇಕಾದದ್ದು ಮೂರೇ ಆಂಪಿಯರ್-ಅವರ್ ಆದರೂ, ಆ ಮೂರು ನಿಮಿಷ ಎಳೆತ 70 ಆಂಪಿಯರ್. ಸುಸ್ತಾದ ಸೀಸದ ಬ್ಯಾಟರಿಯ ವೋಲ್ಟೇಜು ಆಗ ಕುಸಿದು ಇನ್ವರ್ಟರ್ ಕೂಗಿಕೊಂಡು ನಿಲ್ಲುತ್ತದೆ. ಲಿಥಿಯಂ ಅಲುಗುವುದಿಲ್ಲ.

ಹಾಗೆಂದು ಸೀಸದ ಕಾಲ ಮುಗಿಯಿತು ಎನ್ನುವವರ ಜೊತೆ ನಾನಿಲ್ಲ. ವರ್ಷಕ್ಕೆ ನಾಲ್ಕು ಶನಿವಾರ ಹೊರಟು, ಭಾನುವಾರ ರಾತ್ರಿ ಮನೆಗೆ ಬಂದು ಪ್ಲಗ್ಗಿಗೆ ಸಿಕ್ಕಿಸುವವರಿಗೆ ಗಾಲ್ಫ್ ಗಾಡಿಗೆ ಹಾಕುವ 6 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದರೆ 225 ಆಂಪಿಯರ್-ಅವರ್, ಅದರಲ್ಲಿ 110 ಬಳಕೆಗೆ. ದಪ್ಪ ತಗಡಿನ, ದಶಕಗಳ ಪರೀಕ್ಷೆ ಗೆದ್ದ ವಸ್ತು. ಒಂದೊಂದೂ 28 ಕಿಲೋ, ತಿಂಗಳಿಗೊಮ್ಮೆ ನೀರು ನೋಡಬೇಕು, ಅಷ್ಟೇ. ಗಾಡಿಯಲ್ಲಿರುವ ಹಳೆಯ ಚಾರ್ಜರನ್ನೂ ಬದಲಿಸಬೇಕಿಲ್ಲ. ಎಜಿಎಂ ಎಂಬ ಮುಚ್ಚಿದ ಬಗೆಯ ಬ್ಯಾಟರಿಗೆ ನೀರಿನ ಕೆಲಸವಿಲ್ಲವಾದರೂ ಅದೂ ಅದೇ ಸೀಸ, ತುಂಬದಿದ್ದರೆ ಅದೂ ಸಾಯುತ್ತದೆ. ದುಪ್ಪಟ್ಟು ಬೆಲೆಗೆ ಅದನ್ನು ಕೊಳ್ಳುವುದಕ್ಕೆ ಇವತ್ತು ನನಗೆ ಕಾರಣ ಕಾಣದು. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ ಒಂದು ಕಾಲಕ್ಕೆ ಸಾವಿರ ಡಾಲರಿನ ಹತ್ತಿರವಿತ್ತು, ಈಗ 300ರ ಸುತ್ತಮುತ್ತ ಸಿಗುತ್ತದೆ. ಎಜಿಎಂ ನಿಂತಿದ್ದ ನಡುವಿನ ಮೆಟ್ಟಿಲೇ ಕುಸಿದಿದೆ.

ಚಳಿಯ ಪ್ರಶ್ನೆಯಲ್ಲಿ ಸೀಸದ ಪಕ್ಷ ಗಟ್ಟಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಓಣಿಯೊಳಗೆ ಹೋಗದೆ ಹೊರಗೋಡೆಯ ಮೇಲೆ ಲೋಹವಾಗಿ ಲೇಪಗೊಂಡು ಸೆಲ್ಲು ಕೆಡುತ್ತದೆ. ವಿದ್ಯುತ್ ತೆಗೆಯಬಹುದು, ತುಂಬುವಂತಿಲ್ಲ. ಕ್ವಾರ್ಟ್ಸ್‌ಸೈಟಿನಲ್ಲಿ ಇದು ಅಪರೂಪದ ತೊಂದರೆ. 2100 ಮೀಟರ್ ಎತ್ತರದ ಫ್ಲಾಗ್‌ಸ್ಟಾಫಿನ ಚಳಿಗಾಲದ ಬೆಳಿಗ್ಗೆಗಳಲ್ಲಿ ದಿನನಿತ್ಯದ್ದು. ಒಳಗಿರುವ ಕಾವಲು ಸರ್ಕ್ಯೂಟ್, ಬಿಎಂಎಸ್, ಚಳಿಯಲ್ಲಿ ಚಾರ್ಜನ್ನು ತಡೆಯುತ್ತದೆಯೇ ಎಂದು ಕೇಳದೆ ಅಗ್ಗದ ಬ್ಯಾಟರಿ ಕೊಳ್ಳಬಾರದು. ಎಲ್ಲದರಲ್ಲೂ ಆ ಸೌಲಭ್ಯ ಇರುವುದಿಲ್ಲ. ತಾನೇ ಬೆಚ್ಚಗಾಗಿಸಿಕೊಳ್ಳುವ ಬ್ಯಾಟರಿಗಳಿವೆ. ಅದಕ್ಕಿಂತ ಸರಳ ಉಪಾಯವೂ ಇದೆ: ಸೀಸದ ಬ್ಯಾಟರಿ ಜಲಜನಕ ಬಿಡುವುದರಿಂದ ಅದನ್ನು ಟ್ರೇಲರಿನ ಮೂತಿಯ ಮೇಲೆ ಹೊರಗಿಡುತ್ತಾರೆ, ಲಿಥಿಯಂಗೆ ಆ ನಿರ್ಬಂಧವಿಲ್ಲ. ಮಂಚದ ಕೆಳಗೆ, ನಾವು ಬೆಚ್ಚಗಿರುವ ಕಡೆಯೇ ಅದನ್ನೂ ಇಡಬಹುದು. ಫಾಸ್ಫೇಟಿನ ಬಂಧ ಬಿಗಿಯಾದದ್ದು. ಹಾಗಾಗಿ ಫೋನುಗಳಲ್ಲಿರುವ ಕೋಬಾಲ್ಟ್ ಬಗೆಯಷ್ಟು ಸುಲಭವಾಗಿ ಇದಕ್ಕೆ ಬೆಂಕಿ ಹತ್ತುವುದಿಲ್ಲ. ಆದರೂ ಪ್ಲಸ್ ತಂತಿಗೆ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲೇಬೇಕು. ನೂರಾರು ಆಂಪಿಯರ್ ತಟ್ಟನೆ ಕೊಡಬಲ್ಲ ವಸ್ತುವಿನ ಪಕ್ಕದಲ್ಲಿ ಮಲಗುತ್ತೇವೆ ಎಂಬುದು ನೆನಪಿರಲಿ.

ಲಿಥಿಯಂಗೆ ಬದಲಾಗುವವರು ಎಡವುವುದು ಬ್ಯಾಟರಿಯ ಸುತ್ತಲಿನ ವ್ಯವಸ್ಥೆಯಲ್ಲಿ. ಹಳೆಯ ಗಾಡಿಗಳ ಚಾರ್ಜರ್ 13.6 ವೋಲ್ಟಿಗೆ ನಿಲ್ಲುತ್ತದೆ. ಲಿಥಿಯಂ ಚೆನ್ನಾಗಿ ತುಂಬಲು 14.2ರಿಂದ 14.6 ಬೇಕು. ಮೋಟರ್‌ಹೋಮಿನಲ್ಲಿ ಇಂಜಿನ್ನಿನ ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಬಾಯಾರಿದ ಬ್ಯಾಟರಿ ಅದರ ಶಕ್ತಿಯನ್ನೆಲ್ಲ ಎಳೆದು ಸುಟ್ಟುಹಾಕಬಹುದು, ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಸೀಸದ ಬ್ಯಾಟರಿಯಲ್ಲಿ ದೀಪ ಮಂಕಾಗಿ ಮುನ್ಸೂಚನೆ ಸಿಗುತ್ತಿತ್ತು. ಲಿಥಿಯಂ 13 ವೋಲ್ಟಿನ ಆಚೀಚೆ ನಿಂತೇ ಇದ್ದು, ಮುಗಿದ ಕ್ಷಣದಲ್ಲಿ ಬಿಎಂಎಸ್ ಕತ್ತರಿಸಿ ಕತ್ತಲಾಗುತ್ತದೆ. ವೋಲ್ಟ್ ನೋಡಿ ಅಂದಾಜಿಸುವುದು ಇದರಲ್ಲಿ ಆಗದ ಮಾತು. ಒಳಹೋದದ್ದನ್ನೂ ಹೊರಬಂದದ್ದನ್ನೂ ಎಣಿಸುವ ಶಂಟ್ ಮೀಟರ್ ಮೊದಲ ದಿನದಿಂದಲೇ ಇರಬೇಕು. ಉಸಿರಾಟದ ಯಂತ್ರ ಇರುವ ಮನೆಯಲ್ಲಂತೂ ಅದಿಲ್ಲದೆ ಒಂದು ರಾತ್ರಿಯೂ ಹೊರಡಬಾರದು.

ಭೂಮಿಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ ಸತ್ತ ಸೀಸದ ಬ್ಯಾಟರಿ ಹೆಚ್ಚುಕಡಿಮೆ ಎಲ್ಲವೂ ಮರುಬಳಕೆಗೆ ಮರಳುತ್ತದೆ. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಗಣಿಯ ದೃಷ್ಟಿಯಿಂದ ಅದು ಒಳ್ಳೆಯದು, ಆದರೆ ಬೆಲೆಬಾಳುವ ಲೋಹ ಇಲ್ಲದ್ದರಿಂದ ಮರುಬಳಕೆಗೆ ಆಸೆಪಡುವವರೂ ಕಡಿಮೆ. ಭಾರತದಲ್ಲಿ ಹಿತ್ತಲಲ್ಲಿ ಸೀಸ ಕರಗಿಸುವ ಕುಲುಮೆಗಳು ಮಕ್ಕಳ ರಕ್ತಕ್ಕೆ ಏನು ಬೆರೆಸುತ್ತವೆ ಎಂದು ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಎಚ್ಚರಿಸುತ್ತ ಬಂದವರು. ಅದನ್ನು ಬಲ್ಲ ನನಗೆ ಸೀಸವನ್ನು ನಿಶ್ಚಿಂತೆಯಿಂದ ಕೊಳ್ಳಲಾಗದು, ಎಲ್ಲಿ ಕೊಂಡರೂ.

ಈಗ ನಮ್ಮ ಮಂಚದ ಕೆಳಗೆ ತಲಾ 100ರ ಎರಡು ಲಿಥಿಯಂ ಬ್ಯಾಟರಿಗಳಿವೆ. ಮೂರನೆಯದು ಬೇಕೆಂದು ನಾನೇ ಪಟ್ಟು ಹಿಡಿದಿದ್ದೆ. ಕಾಗದದ ಚೀಟಿ ತೆಗೆದು ಮುಂದಿಟ್ಟವರು ಅಪ್ಪ. ಖರ್ಚು 137, ಬಿಸಿಲಿನ ಆದಾಯ 70. ಮೂರನೆಯ ಬ್ಯಾಟರಿ ತಂದರೆ ಕೊರತೆ ಒಂದಿನಿತೂ ಕಡಿಮೆಯಾಗುವುದಿಲ್ಲ, ಕತ್ತಲು ಒಂದು ರಾತ್ರಿ ತಡವಾಗಿ ಬರುತ್ತದೆ. ನಮ್ಮ ಕಡೆ ಕೆರೆ ಕಟ್ಟಿಸಿದ ಹಿರಿಯರು ಏರಿಯ ಎತ್ತರವನ್ನು ಕೆರೆಗೆ ಹರಿದುಬರುವ ಹಳ್ಳಕೊಳ್ಳ ನೋಡಿ ನಿರ್ಧರಿಸುತ್ತಿದ್ದರು, ಊರಿನ ಆಸೆ ನೋಡಿ ಅಲ್ಲ. ಬರುವ ನೀರು ಅಷ್ಟೇ ಇರುವಾಗ ಏರಿ ಎತ್ತರಿಸಿ ಪ್ರಯೋಜನವಿಲ್ಲ. ದೊಡ್ಡ ಬ್ಯಾಟರಿಸಾಲು ಇಟ್ಟುಕೊಂಡವರು ಅದರ ಧೈರ್ಯದ ಮೇಲೆ ಇಂಡಕ್ಷನ್ ಒಲೆ, ಏಸಿ ಸೇರಿಸುತ್ತ ಹೋಗಿ, ಕೊನೆಗೆ ಹೆಚ್ಚು ಹೊತ್ತು ಜನರೇಟರ್ ಹಚ್ಚುವುದನ್ನು ಆ ಬಯಲಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಮೂರನೆಯ ಬ್ಯಾಟರಿಗೆಂದು ಎತ್ತಿಟ್ಟಿದ್ದ ಹಣದಲ್ಲಿ 200 ವ್ಯಾಟಿನ ಮಡಚುವ ಪ್ಯಾನೆಲ್ ಒಂದನ್ನು ತಂದೆವು. ಬೆಳಿಗ್ಗೆ ಗ್ಯಾಸಿನ ಮೇಲೆ ಡಿಕಾಕ್ಷನ್ನಿಗೆ ನೀರಿಟ್ಟು, ಅಪ್ಪ ಅದನ್ನು ಹೊರಗೆ ಒಯ್ದು ದಕ್ಷಿಣಕ್ಕೆ ಮುಖಮಾಡಿ, ತಗ್ಗಿನ ಸೂರ್ಯನಿಗೆ ಎದುರಾಗುವಂತೆ ವಾಲಿಸಿ ನಿಲ್ಲಿಸುತ್ತಾರೆ. ಮಧ್ಯಾಹ್ನ ನೆರಳು ಸರಿದಂತೆ ಎರಡು ಸಲ ತಿರುಗಿಸುತ್ತಾರೆ. ಛಾವಣಿಯ ಮೇಲೆ ಮಲಗಿದ 400 ವ್ಯಾಟ್ ಕೊಡುವಷ್ಟನ್ನೇ ಹೆಚ್ಚುಕಡಿಮೆ ಈ 200 ವ್ಯಾಟ್ ಜನವರಿಯಲ್ಲಿ ಕೊಡುತ್ತದೆ. ಹೋದ ಚಳಿಗಾಲ ಹನ್ನೊಂದು ದಿನ ಅಲ್ಲಿದ್ದೆವು. ಮೀಟರ್ ಒಂದು ದಿನವೂ ನೂರು ಮುಟ್ಟಲಿಲ್ಲ, ಅಪ್ಪನ ಯಂತ್ರ ಒಂದು ರಾತ್ರಿಯೂ ನಿಲ್ಲಲಿಲ್ಲ.